ಫೋನಿನಲ್ಲಿ ಅತ್ತ ಮಗಳು

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕು, ಸಣ್ಣ ಕಾಫಿ ತೋಟ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಇಂಗ್ಲೆಂಡಿನ ಒಂದು ಬೋರ್ಡಿಂಗ್ ಶಾಲೆಯಲ್ಲಿ ಎರಡು ವರ್ಷದ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್, ನಮ್ಮ ಪಿಯುಸಿ ಹಂತದ್ದು) ಓದಲು ಸೀಟು ಸಿಕ್ಕಿದೆ. ಫೀಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕಾಲರ್‌ಶಿಪ್ ಕೊಡುತ್ತಾರಂತೆ. ಅವಳು ಹೋಗೇ ಹೋಗ್ತೀನಿ ಅಂತಾಳೆ. ಆದರೆ ಮನೆ ಬಿಟ್ಟು ಒಂದು ವಾರವೂ ಇದ್ದವಳಲ್ಲ. ಅಲ್ಲಿ ಒಂಟಿಯಾಗಿಬಿಡ್ತಾಳಾ? ವಾಪಸ್ ಬಂದರೆ ಇಲ್ಲಿ ಮುಂದೆ ಓದಲು ತೊಂದರೆ ಆಗುತ್ತಾ? ನಮ್ಮ ಅತ್ತೆ ಕೇಳುವುದು ಒಂದೇ ಮಾತು: 'ಜ್ವರ ಬಂದ್ರೆ ಯಾರು ನೋಡ್ಕೊಳ್ತಾರೆ?'

ಉತ್ತರ: ನಾನು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅನ್ನುವುದನ್ನು ನೀವೇ ನೋಡಿಕೊಳ್ಳಿ. ನಾನು ಹಾಸನದವಳು. ಇಂಗ್ಲೆಂಡಿನ ಒಂದು ಬೋರ್ಡಿಂಗ್ ಶಾಲೆಯಲ್ಲಿ 11 ವರ್ಷ ಗಣಿತ ಕಲಿಸಿದೆ. ಅದರಲ್ಲಿ ಆರು ವರ್ಷ ಹುಡುಗಿಯರ ಹಾಸ್ಟೆಲ್ಲಿನಲ್ಲೇ ವಾಸ. ಅಲ್ಲಿ ಹಾಸ್ಟೆಲ್ಲಿಗೆ 'ಹೌಸ್' ಅಂತಾರೆ. ರಾತ್ರಿ ಹತ್ತೂವರೆಗೆ ಕೋಣೆ ಕೋಣೆಗೂ ಹೋಗಿ ದೀಪ ಆರಿಸುವ ಕೆಲಸ ನನ್ನದಾಗಿತ್ತು. ಹಾಗಾಗಿ ಬೇರೆ ಬೇರೆ ದೇಶದ ಹುಡುಗಿಯರು ಅಮ್ಮನ ಜೊತೆ ಫೋನಿನಲ್ಲಿ ಅಳುವುದನ್ನು ಬೇಕಾದಷ್ಟು ನೋಡಿದ್ದೇನೆ. ಫೋನಿಟ್ಟ ಮೇಲೆ ಅವರು ಏನು ಮಾಡುತ್ತಿದ್ದರು ಅನ್ನುವುದನ್ನೂ ನೋಡಿದ್ದೇನೆ. ತಾಯಂದಿರಿಗೆ ಈ ಎರಡನೆಯದು ಕಾಣುವುದಿಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.

ಒಂಟಿತನ ಕಾಡುತ್ತದೆ. ಕಾಡುವುದಿಲ್ಲ ಅಂತ ಹೇಳುವ ಏಜೆಂಟರನ್ನು ನಂಬಬೇಡಿ. ಸೆಪ್ಟೆಂಬರ್ ಮೊದಲ ವಾರ ಶಾಲೆ ಶುರು. ಮೊದಲ ಹತ್ತು ದಿನ ಎಲ್ಲವೂ ಹೊಸದು, ಅಳುವುದಕ್ಕೆ ಪುರಸೊತ್ತೇ ಇರುವುದಿಲ್ಲ. ನಿಜವಾದ ಕಷ್ಟ ಮೂರನೇ ವಾರದಿಂದ. ಅಲ್ಲಿಂದ ಅಕ್ಟೋಬರ್ ಕೊನೆಯ 'ಹಾಫ್ ಟರ್ಮ್' ರಜೆಯ ತನಕ ನಿಮಗೆ ಬರುವ ಫೋನುಗಳಲ್ಲಿ ಅಳು ಜಾಸ್ತಿ ಇರುತ್ತದೆ.

ಆ ಫೋನು ಹೇಗಿರುತ್ತದೆ ಅಂತ ಹೇಳುತ್ತೇನೆ ಕೇಳಿ. ಸಂಜೆ 7ರಿಂದ 9 ಅಲ್ಲಿ 'ಪ್ರೆಪ್', ಅಂದರೆ ಎಲ್ಲರೂ ಕೂತು ಓದಲೇಬೇಕಾದ ಹೊತ್ತು. ಬಿಡುವಾಗುವುದು 9ಕ್ಕೆ. ಆಗ ಸಕಲೇಶಪುರದಲ್ಲಿ ನಡುರಾತ್ರಿ ಕಳೆದು ಒಂದೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಮೇಲೆ ನಮ್ಮಲ್ಲಿ ಎರಡೂವರೆ. ಹುಡುಗಿ ಇಡೀ ದಿನ ಇಂಗ್ಲಿಷಿನಲ್ಲಿ ಮಾತಾಡಿ, ಇಂಗ್ಲಿಷಿನಲ್ಲಿ ನಕ್ಕು, ಅರ್ಥವಾಗದ ತಮಾಷೆಗೂ ತಲೆಯಾಡಿಸಿ ಸುಸ್ತಾಗಿರುತ್ತಾಳೆ. ಅಮ್ಮನ 'ಏನ್ ಮರೀ' ಕೇಳಿದ ತಕ್ಷಣ ಗಂಟಲು ಕಟ್ಟುತ್ತದೆ. ದಿನವಿಡೀ ತಡೆದಿದ್ದೆಲ್ಲ ಆ ಹತ್ತು ನಿಮಿಷದಲ್ಲಿ ಹೊರಗೆ ಬರುತ್ತದೆ. ಆಮೇಲೆ ಫೋನಿಟ್ಟು, ಮುಖ ತೊಳೆದು, ಕಾಮನ್ ರೂಮಿಗೆ ಹೋಗಿ ಟೋಸ್ಟಿಗೆ ಬೆಣ್ಣೆ ಹಚ್ಚಿಕೊಂಡು ಯಾರದ್ದೋ ಮಾತಿಗೆ ನಗುತ್ತಿರುತ್ತಾಳೆ. ಇದು ನಾಟಕ ಅಲ್ಲ. ಅತ್ತಿದ್ದೂ ನಿಜ, ನಕ್ಕಿದ್ದೂ ನಿಜ. ಇಲ್ಲಿ ನೀವು ಮಾತ್ರ ಬೆಳಗಾಗುವ ತನಕ ಕಣ್ಣು ಮುಚ್ಚಿರುವುದಿಲ್ಲ.

ಅದಕ್ಕೇ ದಿನಾ ರಾತ್ರಿ ಫೋನ್ ಮಾಡುವ ಪದ್ಧತಿ ಬೇಡ. ಭಾನುವಾರ ಅವರ ಬೆಳಿಗ್ಗೆ 10 ಗಂಟೆ, ಅಂದರೆ ನಮ್ಮ ಮಧ್ಯಾಹ್ನ ಎರಡೂವರೆ ಅಥವಾ ಮೂರೂವರೆ, ಒಳ್ಳೆಯ ಹೊತ್ತು. ಅವಳು ನಿದ್ದೆ ಮಾಡಿ ಎದ್ದಿರುತ್ತಾಳೆ, ನಿಮ್ಮದೂ ಊಟ ಆಗಿರುತ್ತದೆ. ನಡುವೆ ಒಂದು ದಿನ ವಾಟ್ಸಾಪಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿ. ಅದರಲ್ಲಿ ಪ್ರಶ್ನೆ ಕೇಳಬೇಡಿ, ಮನೆಯ ಸುದ್ದಿ ಹೇಳಿ. ಆನೆ ಬಂದು ಯಾರ ತೋಟದ ಬಾಳೆ ಮುರಿಯಿತು, ಎಮ್ಮೆ ಕರು ಹಾಕಿತಾ, ಪಕ್ಕದ ಮನೆಯ ಮದುವೆಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಬಂತು, ಎಲ್ಲ ಹೇಳಿ. 'ಊಟ ಆಯ್ತಾ, ಓದ್ತಾ ಇದ್ದೀಯಾ, ಹುಷಾರಾಗಿದ್ದೀಯಾ' ಅಂತ ಕೇಳಿದರೆ ಮಕ್ಕಳು 'ಹ್ಞೂಂ' ಅಂತಾರೆ. ಆ ಹ್ಞೂಂನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಈ ಹ್ಞೂಂ ವಿಷಯದಲ್ಲಿ ನಾನೇ ಒಮ್ಮೆ ಮೋಸ ಹೋಗಿದ್ದೆ. ನಮ್ಮ ಹೌಸಿಗೆ ಒಂದು ವರ್ಷ ಚಿಕ್ಕಮಗಳೂರು ಕಡೆಯ ಹುಡುಗಿ ಬಂದಳು. ಯಾವತ್ತೂ ಅಳಲಿಲ್ಲ. ಕೇಳಿದರೆ 'ಚೆನ್ನಾಗಿದ್ದೀನಿ ಆಂಟಿ'. ಮನೆಗೂ ಅದೇ ಉತ್ತರ. ಕನ್ನಡದವಳು ಅಂತ ನನಗೆ ಅವಳ ಮೇಲೆ ಪ್ರೀತಿ ಜಾಸ್ತಿ, ಗಮನ ಮಾತ್ರ ಕಡಿಮೆಯಾಯಿತು. ಗಟ್ಟಿ ಹುಡುಗಿ ಅಂದುಕೊಂಡೆ. ಫೆಬ್ರವರಿಯಲ್ಲಿ ಮೇಟ್ರನ್, ಅಂದರೆ ಹೌಸಿನಲ್ಲಿ ಮಕ್ಕಳ ಯೋಗಕ್ಷೇಮ ನೋಡಿಕೊಳ್ಳುವವರು, ಬಂದು ಹೇಳಿದಾಗಲೇ ಗೊತ್ತಾಗಿದ್ದು, ಅವಳು ವಾರಗಟ್ಟಲೆ ರಾತ್ರಿ ಊಟಕ್ಕೇ ಹೋಗುತ್ತಿರಲಿಲ್ಲ. ಅಡುಗೆ ಸೇರದೆ ಅಲ್ಲ. ಅಷ್ಟು ದೊಡ್ಡ ಹಾಲಿನಲ್ಲಿ ತಟ್ಟೆ ಹಿಡಿದುಕೊಂಡು ಯಾವ ಮೇಜಿಗೆ ಹೋಗಿ ಕೂರಬೇಕು ಅಂತ ಗೊತ್ತಾಗುತ್ತಿರಲಿಲ್ಲ, ಅಷ್ಟೇ. ಕೋಣೆಯಲ್ಲಿ ಬಿಸ್ಕತ್ತು ತಿಂದು ಮಲಗುತ್ತಿದ್ದಳು. ಅಳುವ ಮಕ್ಕಳ ಬಗ್ಗೆ ನನಗೆ ಆಮೇಲೆ ಅಷ್ಟು ಭಯ ಆಗಲಿಲ್ಲ. ಎಲ್ಲಕ್ಕೂ ಚೆನ್ನಾಗಿದೆ ಅನ್ನುವವರನ್ನು ಕಂಡರೆ ಈಗಲೂ ಭಯ.

ಆದ್ದರಿಂದ ಮಗಳನ್ನು ಕೇಳುವುದಿದ್ದರೆ ಹೀಗೆ ಕೇಳಿ: ನಿನ್ನೆ ರಾತ್ರಿ ಊಟಕ್ಕೆ ಯಾರ ಪಕ್ಕ ಕೂತಿದ್ದೆ? ಒಂದು ಹೆಸರು ಬಂದರೆ ನೀವು ನೆಮ್ಮದಿಯಾಗಿ ಮಲಗಬಹುದು. ಮೂರು ವಾರ ಕೇಳಿದರೂ ಹೆಸರು ಬರದಿದ್ದರೆ ಹೌಸ್‌ಮಿಸ್ಟ್ರೆಸ್‌ಗೆ, ಅಂದರೆ ಹೌಸಿನ ಉಸ್ತುವಾರಿ ಟೀಚರಿಗೆ, ಇಮೇಲ್ ಹಾಕಿ. ಇಂಗ್ಲಿಷ್ ಚೆನ್ನಾಗಿ ಬರಲ್ಲ ಅಂತ ಸಂಕೋಚ ಬೇಡ. ಎರಡು ಸಾಲು ಸಾಕು. ಅವರಿಗೆ ಇಂಥ ಪತ್ರ ಓದಿ ಅಭ್ಯಾಸ ಇರುತ್ತದೆ.

ಮನೆ ಬಿಟ್ಟು ಇದ್ದವಳಲ್ಲ ಅಂದಿರಿ. ನಮ್ಮ ಜಿಲ್ಲೆಯಲ್ಲೇ ಮಾವಿನಕೆರೆಯಲ್ಲಿ ನವೋದಯ ಶಾಲೆ ಇದೆ. ಅಲ್ಲಿಗೆ ಮಕ್ಕಳು ಆರನೇ ಕ್ಲಾಸಿಗೇ ಟ್ರಂಕು ಹಿಡಿದು ಹೋಗುತ್ತಾರೆ. ಅವರಲ್ಲಿ ಕೆಲವರನ್ನು ಒಂಬತ್ತನೇ ಕ್ಲಾಸಿಗೆ ಒಂದು ವರ್ಷ ಹಿಂದಿ ಸೀಮೆಯ ನವೋದಯಕ್ಕೆ ಕಳಿಸುತ್ತಾರೆ. ಅಲ್ಲಿ ಓದಿ ಬಂದವರು ನಿಮ್ಮ ಸುತ್ತಮುತ್ತ ಇದ್ದೇ ಇರುತ್ತಾರೆ. ಮಗಳನ್ನು ಅಂಥವರ ಹತ್ತಿರ ಒಂದು ಮಧ್ಯಾಹ್ನ ಮಾತಾಡಿಸಿ. ಬೆಂಗಳೂರಿನ ಯಾವ ಕನ್ಸಲ್ಟೆಂಟ್ ಹೇಳುವುದಕ್ಕಿಂತ ಜಾಸ್ತಿ ಅವರಿಂದ ಗೊತ್ತಾಗುತ್ತದೆ: ಬಕೀಟಿಗೆ ಹೆಸರು ಯಾಕೆ ಬರೆಯಬೇಕು, ಮಾತು ಬಾರದ ಊರಿನಲ್ಲಿ ಮೊದಲ ಗೆಳತಿ ಹೇಗೆ ಸಿಗುತ್ತಾಳೆ, ಎಲ್ಲ.

ಮಾತು ಅಂದೆನಲ್ಲ. ಹೊರಡುವ ಮುಂಚೆ ಯಾರೂ ಹೇಳದ ಒಂದು ವಿಷಯ ಇಲ್ಲಿದೆ. ಅಲ್ಲಿ ಬೇರೆ ಇಂಡಿಯಾದ ಮಕ್ಕಳೂ ಇರುತ್ತಾರೆ, ಜೊತೆಯಾಗುತ್ತದೆ ಅಂತ ನೀವು ಅಂದುಕೊಂಡಿರಬಹುದು. ಇರುತ್ತಾರೆ. ಹೆಚ್ಚಿನವರು ಮುಂಬೈ, ದೆಹಲಿ, ದುಬೈ ಕಡೆಯವರು. ಅವರವರಲ್ಲಿ ಹಿಂದಿ ನಡೆಯುತ್ತದೆ. ರಜೆಗೆ ಎಲ್ಲಿಗೆ ಹೋಗಿದ್ದೆವು ಅನ್ನುವ ಮಾತು ಬಂದಾಗ ನಿಮ್ಮ ಮಗಳು ಮಂಜರಾಬಾದ್ ಕೋಟೆ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಬಿಳಿಯ ಮಕ್ಕಳಿಗೆ ಅವಳು ಇಂಡಿಯನ್. ಇಂಡಿಯನ್ ಮಕ್ಕಳಿಗೆ ಅವಳು ಹಿಂದಿ ಬಾರದ ಇಂಡಿಯನ್. ನಾನು ನೋಡಿದ ಹಾಗೆ ನಮ್ಮ ಕಡೆಯ ಮಕ್ಕಳಿಗೆ ಗಟ್ಟಿ ಸ್ನೇಹ ಆಗುವುದು ಇವರಿಬ್ಬರ ಜೊತೆಗೂ ಅಲ್ಲ. ಕೀನ್ಯಾದವಳು, ವಿಯೆಟ್ನಾಮಿನವಳು, ಹೀಗೆ ಇಂಗ್ಲಿಷ್ ಮಾತೃಭಾಷೆ ಅಲ್ಲದ, ಊರಿನಲ್ಲಿ ಅಜ್ಜಿ ಇರುವ ಹುಡುಗಿಯರ ಜೊತೆ. ಕಾಫಿ ಬೆಳೆಯುವ ದೇಶದವರು ಸಿಕ್ಕರಂತೂ ಒಳ್ಳೆಯದೇ ಆಯ್ತು, ಹಣ್ಣು ಕೀಳುವ ಮಾತಿಗೇ ಒಂದು ಸಂಜೆ ಹೋಗುತ್ತದೆ.

ಮಳೆಗೆ ಅವಳು ಹೆದರುವುದಿಲ್ಲ ಬಿಡಿ. ನಮ್ಮ ಆಷಾಢ ಕಂಡವರಿಗೆ ಅಲ್ಲಿನ ಮಳೆ ಸೋನೆ ಅಷ್ಟೇ. ಬೇಸರ ಮಾಡುವುದು ಕತ್ತಲೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಬೆಳಕು ಹರಿಯುತ್ತದೆ, ಸಂಜೆ ನಾಲ್ಕಕ್ಕೆಲ್ಲ ಹೊತ್ತು ಮುಳುಗುತ್ತದೆ. ಕ್ಲಾಸು ಮುಗಿಸಿ ಹೊರಗೆ ಬಂದರೆ ರಾತ್ರಿ. ಇದು ಮನಸ್ಸಿನ ಮೇಲೆ ಕೂರುತ್ತದೆ, ಹುಡುಗಿಗೆ ಅದು ಕತ್ತಲೆಯಿಂದ ಅಂತ ಗೊತ್ತಾಗುವುದಿಲ್ಲ. ತನಗೇ ಏನೋ ಆಗಿದೆ ಅಂದುಕೊಳ್ಳುತ್ತಾಳೆ. ಮಧ್ಯಾಹ್ನದ ಬಿಡುವಿನಲ್ಲಿ ಹೊರಗೆ ಓಡಾಡು ಅಂತ ಈಗಲೇ ಹೇಳಿ ಕಳಿಸಿ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಟ್ಟೆ ತುಂಬುತ್ತದೆ, ನಾಲಿಗೆಗೆ ಸಪ್ಪೆ. ಹೌಸಿನಲ್ಲಿ ಸಣ್ಣ ಅಡುಗೆ ಜಾಗ, ಕೆಟಲ್, ಟೋಸ್ಟರ್ ಇರುತ್ತವೆ. ಚಟ್ನಿಪುಡಿ, ಉಪ್ಪಿನಕಾಯಿ ಕಳಿಸಬಹುದು. ಮಾಂಸ, ಹಾಲಿನ ಪದಾರ್ಥಗಳನ್ನು ನಮ್ಮ ದೇಶದಿಂದ ಬ್ರಿಟನ್ನಿಗೆ ಒಯ್ಯುವ ಹಾಗಿಲ್ಲ. ಅಂದರೆ ಒಣ ಬಾಡೂ ಇಲ್ಲ, ಮನೆಯ ತುಪ್ಪವೂ ಇಲ್ಲ, ಪೇಡಾ ಕೂಡ ಇಲ್ಲ.

ಪಾಠದಲ್ಲಿ ಎಡವುವ ಜಾಗ ಒಂದಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಕ್ಕಳು ಬುದ್ಧಿವಂತರು. ಗಣಿತ, ವಿಜ್ಞಾನದಲ್ಲಿ ಮೊದಲ ಟರ್ಮಿನಲ್ಲಿ ಅಲ್ಲಿಯವರಿಗಿಂತ ಮುಂದೆಯೇ ಇರುತ್ತಾರೆ. ಬರೆಯುವ ವಿಷಯಕ್ಕೆ ಬಂದಾಗ ಪೆಟ್ಟು ಬೀಳುತ್ತದೆ. ಇಲ್ಲಿ ಟೀಚರು ಬರೆಸಿದ ನೋಟ್ಸನ್ನು, ಗೈಡಿನ ಉತ್ತರವನ್ನು ಹಾಗೇ ಬರೆದರೆ ಪೂರ್ತಿ ಅಂಕ. ಅಲ್ಲಿ ಅದೇ ಕೆಲಸಕ್ಕೆ ಕಳ್ಳತನ ಅಂತ ಹೆಸರು. ಐಬಿಯಲ್ಲಿ ಆರು ವಿಷಯ, ಒಂದೊಂದಕ್ಕೆ 7 ಅಂಕ, ಅದರ ಮೇಲೆ 3, ಒಟ್ಟು 45. ಆ ಮೂರು ಅಂಕದಲ್ಲಿ ಪಾಲಿರುವುದು 4,000 ಪದದ ಒಂದು ದೊಡ್ಡ ಪ್ರಬಂಧಕ್ಕೆ. ಪ್ರಶ್ನೆ ಅವಳೇ ಹುಡುಕಬೇಕು, ಉತ್ತರವೂ ಅವಳದೇ ಆಗಬೇಕು. ಬೇರೆಯವರ ಒಂದು ವಾಕ್ಯವನ್ನು ಹೇಳದೆ ಸೇರಿಸಿಕೊಂಡು ಸಿಕ್ಕಿಬಿದ್ದರೆ ಡಿಪ್ಲೊಮಾವೇ ಕೈತಪ್ಪಬಹುದು. ನಮ್ಮ ಒಬ್ಬಳು ಹುಡುಗಿ ಪಾಪ, ಪುಸ್ತಕದಲ್ಲಿ ಇದಕ್ಕಿಂತ ಚೆನ್ನಾಗಿ ಬರೆದಿದ್ದಾರಲ್ಲ, ನಾನ್ಯಾಕೆ ಕೆಡಿಸಲಿ ಅಂತ ನನ್ನನ್ನೇ ಕೇಳಿದ್ದಳು. ಸುಮ್ನೆ ಕೇಳಿದ್ದಲ್ಲ, ನಿಜವಾಗಿ ಅರ್ಥವಾಗದೆ ಕೇಳಿದ್ದು. ಹೊರಡುವ ಮುಂಚೆ ಈ ಮೂರು ತಿಂಗಳು ಮಗಳಿಗೆ ವಾರಕ್ಕೊಂದು ಪುಟ ಸ್ವಂತವಾಗಿ ಬರೆಯುವ ಅಭ್ಯಾಸ ಮಾಡಿಸಿ, ಕನ್ನಡದಲ್ಲಾದರೂ ಸರಿ.

ಕನ್ನಡದ ಮಾತು ಬಂದದ್ದಕ್ಕೆ ಇನ್ನೊಂದು. ಶಾಲೆಯಲ್ಲಿ ಶಿಕ್ಷಕರಿಲ್ಲದ ಭಾಷೆಯ ಸಾಹಿತ್ಯವನ್ನು ತಾನೇ ಓದಿ ಪರೀಕ್ಷೆ ಕೊಡುವ ದಾರಿ ಐಬಿಯಲ್ಲಿದೆ. ಕನ್ನಡದಲ್ಲಿ ಹಾಗೆ ಮಾಡಲು ಆಗುತ್ತದಾ ಅಂತ ಶಾಲೆಯ ಐಬಿ ಸಂಯೋಜಕರಿಗೆ ಈಗಲೇ ಬರೆದು ಕೇಳಿ. ಸೆಪ್ಟೆಂಬರಿನಲ್ಲಿ ಕೇಳಿದರೆ ತಡವಾಗುತ್ತದೆ.

ಈಗ ವಾಪಸ್ ಬರುವ ವಿಷಯ. ಐಬಿ ಡಿಪ್ಲೊಮಾವನ್ನು ದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಮ್ಮ ಹನ್ನೆರಡನೇ ತರಗತಿಗೆ ಸಮಾನ ಅಂತ ಒಪ್ಪುತ್ತದೆ. ಬಿಎ, ಬಿಎಸ್ಸಿ, ಬಿಕಾಂ, ಖಾಸಗಿ ವಿಶ್ವವಿದ್ಯಾಲಯ ಇವಕ್ಕೆಲ್ಲ ತೊಂದರೆ ಇಲ್ಲ. ಡಾಕ್ಟರ್ ಆಗಬೇಕು ಅನ್ನುವ ಆಸೆ ಮಗಳಿಗೋ, ಅಥವಾ ನಿಮಗೋ, ಇದ್ದರೆ ಮಾತ್ರ ಇಲ್ಲಿ ನಿಂತು ಯೋಚಿಸಿ. ನೀಟ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು. ಐಬಿಯ ಮಾಮೂಲಿ ಚೌಕಟ್ಟಿನಲ್ಲಿ ಭಾಷೆ, ಸಮಾಜ ವಿಜ್ಞಾನ, ಗಣಿತ ಎಲ್ಲ ಸೇರಿಸಿ ಆರು ಆರಿಸುವಾಗ ಈ ಮೂರರಲ್ಲಿ ಎರಡಕ್ಕೆ ಮಾತ್ರ ಜಾಗ. ಮೂರೂ ತೆಗೆದುಕೊಳ್ಳಬೇಕಾದರೆ ಶಾಲೆ ವಿಶೇಷ ಅನುಮತಿ ಕೇಳಬೇಕು. ಇನ್ನೊಂದು ತೊಡಕು, ನೀಟ್ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾನುವಾರ ನಡೆಯುತ್ತದೆ. ಐಬಿ ಪರೀಕ್ಷೆಗಳೂ ಅದೇ ಹೊತ್ತಿಗೆ. ಎರಡೂ ಒಟ್ಟಿಗೆ ಆಗುವ ಮಾತಲ್ಲ. ಮೆಡಿಕಲ್ಲೇ ಗುರಿ ಆಗಿದ್ದರೆ ಹಾಸನದಲ್ಲೇ ಪಿಯುಸಿ ಓದಲಿ ಅಂತ ನಾನು ನೇರವಾಗಿ ಹೇಳುತ್ತೇನೆ.

ಸಿಇಟಿ ಸೀಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಇಲ್ಲೇ ಪಾಸಾಗಿರಬೇಕು ಅನ್ನುವ ನಿಯಮ ಇದೆ. ಹತ್ತನೇ ತರಗತಿ ತನಕ ಸಕಲೇಶಪುರದಲ್ಲೇ ಓದಿದ್ದರೆ ಅಷ್ಟರಮಟ್ಟಿಗೆ ಅವಳು ಸುರಕ್ಷಿತ. ಒಂದರಿಂದ ಹತ್ತರ ತನಕದ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಹಾಕಿಸಿ ಈಗಲೇ ತೆಗೆದಿಡಿ. ಎರಡು ವರ್ಷ ಬಿಟ್ಟು ಹೋದರೆ ಹಳೇ ಹೆಡ್‌ಮಾಸ್ಟರು ವರ್ಗವಾಗಿರುತ್ತಾರೆ.

ದುಡ್ಡಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮಕ್ಕಳು ಅರ್ಧಕ್ಕೆ ವಾಪಸ್ ಬರುವುದನ್ನು ನಾನು ನೋಡಿದ್ದು ಅಳುವಿನಿಂದಲ್ಲ, ಬಹುಪಾಲು ದುಡ್ಡಿನಿಂದ. 2025ರ ಜನವರಿ 1ರಿಂದ ಬ್ರಿಟನ್ನಿನ ಖಾಸಗಿ ಶಾಲೆಗಳ ಫೀಸಿನ ಮೇಲೆ, ಬೋರ್ಡಿಂಗ್ ಖರ್ಚೂ ಸೇರಿ, ಶೇ 20 ವ್ಯಾಟ್ ಬಿದ್ದಿದೆ. ನಿಮ್ಮ ಸ್ಕಾಲರ್‌ಶಿಪ್ ವ್ಯಾಟ್ ಸೇರಿಸಿದ ಮೊತ್ತದ ಮೇಲೋ, ಸೇರಿಸುವ ಮುಂಚಿನದರ ಮೇಲೋ? ಎರಡನೇ ವರ್ಷಕ್ಕೂ ಇಷ್ಟೇ ಕೊಡುತ್ತಾರಾ? ಫೀಸು ಏರಿದರೆ ಅದೂ ಏರುತ್ತದಾ? ಇವಿಷ್ಟಕ್ಕೆ ಬರಹದಲ್ಲಿ ಉತ್ತರ ಬಾರದೆ ಡಿಪಾಸಿಟ್ ಕಟ್ಟಬೇಡಿ. ವೀಸಾ ಜೊತೆ ಕಟ್ಟುವ ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್ ಇದೆ. ವೀಸಾಗೆ ಮುಂಚೆ ಅನುಮೋದಿತ ಕ್ಲಿನಿಕ್ಕಿನಲ್ಲಿ ಕ್ಷಯದ ಪರೀಕ್ಷೆ ಮಾಡಿಸಬೇಕು. ಹಾಫ್ ಟರ್ಮ್‌ನಲ್ಲಿ ಹೌಸ್ ಬಾಗಿಲು ಹಾಕುವ ಶಾಲೆಗಳಿವೆ. ಆಗ ಅವಳು ಎಲ್ಲಿರಬೇಕು? ಅದಕ್ಕೆ 'ಗಾರ್ಡಿಯನ್' ಅಂತ ಅಲ್ಲಿಯೇ ಒಬ್ಬರನ್ನು ಗೊತ್ತು ಮಾಡಬೇಕು, ಏಜೆನ್ಸಿಯಾದರೆ ಅದಕ್ಕೂ ದುಡ್ಡು.

ತೋಟದವರಿಗೆ ಇದರಲ್ಲಿ ಇನ್ನೊಂದು ಕಷ್ಟ. ನಮ್ಮ ಕೈಗೆ ದುಡ್ಡು ಬರುವುದು ಕೊಯ್ಲು ಮುಗಿದು ಕಾಫಿ ಮಾರಿದ ಮೇಲೆ, ಫೆಬ್ರವರಿ, ಮಾರ್ಚಿನಲ್ಲಿ. ಶಾಲೆ ಫೀಸು ಕೇಳುವುದು ಸೆಪ್ಟೆಂಬರ್, ಜನವರಿ, ಏಪ್ರಿಲ್ ಟರ್ಮುಗಳ ಮುಂಚೆ. ಕಂತು ಬದಲಿಸಿ ಕೊಡುತ್ತೀರಾ ಅಂತ ಕೇಳಿ, ಕೆಲವು ಶಾಲೆಗಳು ಒಪ್ಪುತ್ತವೆ. ಆದಾಯ ತೋರಿಸಿ ಅಂದಾಗ ಪಹಣಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಮೂರು ವರ್ಷದ ಕಾಫಿ ಮಾರಾಟದ ಬಿಲ್ಲು ಕೊಡಿ. ಜೊತೆಗೆ ಒಂದು ಪುಟ ವಿವರಣೆ ಬರೆಯಿರಿ: ಬೆಲೆ ಏರಿದ ವರ್ಷ ಎಷ್ಟು, ಇಳಿದ ವರ್ಷ ಎಷ್ಟು, ಆಳಿನ ಖರ್ಚು ಎಷ್ಟು. ಎಸ್ಟೇಟ್ ಅನ್ನುವ ಪದ ಮಾತ್ರ ಬಳಸಬೇಡಿ. ಇಂಗ್ಲೆಂಡಿನವರ ಕಿವಿಗೆ ಎಸ್ಟೇಟ್ ಅಂದರೆ ಅರಮನೆಯ ಸುತ್ತಲಿನ ಜಮೀನು. ನಾಲ್ಕು ಎಕರೆ ಇಟ್ಟುಕೊಂಡು ಎಸ್ಟೇಟ್ ಅಂತ ಬರೆದು ಸ್ಕಾಲರ್‌ಶಿಪ್ ಕಡಿಮೆ ಮಾಡಿಸಿಕೊಂಡವರನ್ನು ನೋಡಿದ್ದೇನೆ.

ವರ್ಷಕ್ಕೆ 10 ಲಕ್ಷ ದಾಟಿ ಹೊರಗೆ ಕಳಿಸಿದರೆ ಬ್ಯಾಂಕಿನವರು ಟಿಸಿಎಸ್ ಅಂತ ಮುಂಗಡವಾಗಿ ತೆರಿಗೆ ಹಿಡಿಯುತ್ತಾರೆ. ಬ್ಯಾಂಕಿನ ಶಿಕ್ಷಣ ಸಾಲದ ದುಡ್ಡಾದರೆ ಹಿಡಿಯುವುದಿಲ್ಲ. ಹಿಡಿದದ್ದು ವಾಪಸ್ ಬರಬೇಕಾದರೆ ಆದಾಯ ತೆರಿಗೆ ರಿಟರ್ನ್ ಹಾಕಬೇಕು. ತೋಟದ ಆದಾಯಕ್ಕೆ ತೆರಿಗೆ ಇಲ್ಲ ಅಂತ ನಮ್ಮಲ್ಲಿ ಬಹಳ ಜನ ರಿಟರ್ನ್ ಹಾಕುವುದೇ ಇಲ್ಲ, ಆ ದುಡ್ಡು ಅಲ್ಲೇ ಉಳಿಯುತ್ತದೆ.

ಲೆಕ್ಕ ಕೂಡಿಬರದಿದ್ದರೆ ಮಗಳಿಗೆ ಆಕಾಶ ಕಳಚಿ ಬೀಳುವುದಿಲ್ಲ. ಯುನೈಟೆಡ್ ವರ್ಲ್ಡ್ ಕಾಲೇಜ್ ಅನ್ನುವ ಶಾಲೆಗಳ ಬಳಗ ಇದೆ. ಜರ್ಮನಿಯಿಂದ ಬಂದ ಶಿಕ್ಷಣ ತಜ್ಞ ಕರ್ಟ್ ಹಾನ್ ಅವರ ಆಲೋಚನೆಯಂತೆ 1962ರಲ್ಲಿ ವೇಲ್ಸಿನ ಒಂದು ಹಳೇ ಕೋಟೆಯಲ್ಲಿ ಮೊದಲನೆಯದು ಶುರುವಾಯಿತು. ಅದರ ಒಂದು ಶಾಲೆ 1997ರಿಂದ ನಮ್ಮ ಪುಣೆಯ ಹತ್ತಿರವೇ ಇದೆ. ಅದೇ ಐಬಿ, ಬೇರೆ ಬೇರೆ ದೇಶದ ಮಕ್ಕಳು, ಮನೆಯ ಸ್ಥಿತಿ ನೋಡಿ ಸಹಾಯ. ಒಂದು ವರ್ಷ ಪಿಯುಸಿ ಓದುತ್ತ ಅದಕ್ಕೆ ಅರ್ಜಿ ಹಾಕುವುದೂ ಒಂದು ದಾರಿ, ವಯಸ್ಸಿನ ಮಿತಿ ನೋಡಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಮೆಡಿಕಲ್ ಆಸೆ ಇಲ್ಲದಿದ್ದರೆ, ಎರಡು ವರ್ಷದ ಲೆಕ್ಕ ಬರಹದಲ್ಲಿ ಸಿಕ್ಕಿದರೆ, ಕಳಿಸಿ. ಹೋಗೇ ಹೋಗ್ತೀನಿ ಅನ್ನುತ್ತಿರುವುದು ಅವಳು, ಅದು ದೊಡ್ಡ ವಿಷಯ. ಅಪ್ಪನ ಆಸೆಗೆ ಬಂದ ಮಕ್ಕಳು ನವೆಂಬರಿನಲ್ಲೇ ಬಾಡಿಹೋಗುತ್ತಾರೆ. ಮೊದಲ ಹಾಫ್ ಟರ್ಮ್‌ಗೆ ಮಾತ್ರ ಊರಿಗೆ ಟಿಕೆಟ್ ತೆಗೆಯಬೇಡಿ. ಒಂದು ವಾರಕ್ಕೆ ಬಂದು ಹೋದರೆ ಮೊದಲಿನಿಂದ ಅಳು ಶುರು. ಕ್ರಿಸ್‌ಮಸ್ ರಜೆಗೆ ಬರಲಿ, ಆಗ ಅರೇಬಿಕಾ ಕೊಯ್ಲೂ ನಡೆಯುತ್ತಿರುತ್ತದೆ.

ಇನ್ನು ನಿಮ್ಮ ಅತ್ತೆಯವರ ಪ್ರಶ್ನೆ. ಜ್ವರ ಬಂದರೆ ಮೇಟ್ರನ್ ನೋಡುತ್ತಾರೆ. ಜಾಸ್ತಿಯಾದರೆ ಶಾಲೆಯ ಮೆಡಿಕಲ್ ಸೆಂಟರಿನಲ್ಲಿ ನರ್ಸ್ ಮಲಗಿಸಿಕೊಳ್ಳುತ್ತಾರೆ, ಊರಿನ ಡಾಕ್ಟರ ಹತ್ತಿರ ಮೊದಲ ವಾರವೇ ಹೆಸರು ಬರೆಸಿರುತ್ತಾರೆ. ನೋಡಿಕೊಳ್ಳುವುದರಲ್ಲಿ ಕೊರತೆ ಇರುವುದಿಲ್ಲ. ಆದರೆ ಅವರು ಕೊಡುವುದು ಪ್ಯಾರಸಿಟಮಾಲ್, ತಣ್ಣನೆ ನೀರು, ವಿಶ್ರಾಂತಿ. ಸಕಲೇಶಪುರದಲ್ಲಿ ಕೊಡುವ ಹಾಗೆ ಸೂಜಿ ಇಲ್ಲ, ಮೂರು ಬಣ್ಣದ ಮಾತ್ರೆ ಇಲ್ಲ. ಹುಡುಗಿ ಫೋನ್ ಮಾಡಿ 'ಇವರು ಏನೂ ಕೊಡ್ತಿಲ್ಲಮ್ಮ' ಅಂದರೆ ಗಾಬರಿ ಬೇಡ. ಇಲ್ಲಿಂದ ಮಾತ್ರೆ ಕಟ್ಟಿ ಕಳಿಸಿದರೆ ಅದನ್ನು ಮೇಟ್ರನ್ ಕೈಗೇ ಕೊಡಬೇಕಾಗುತ್ತದೆ, ಕೋಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ ಜೊತೆಗಿರಲಿ.

ಅತ್ತೆಯವರ ಕೈಯಲ್ಲಿ ಮೆಣಸಿನ ಸಾರಿನ ಪುಡಿ ಮಾಡಿಸಿ, ನಿಮ್ಮ ತೋಟದ ಮೆಣಸೇ ಹಾಕಿ. ಹುಣಸೆಹಣ್ಣನ್ನೂ ಒಣಗಿಸಿ ಅದರಲ್ಲೇ ಸೇರಿಸಿದರೆ ಕೆಟಲಿನ ಬಿಸಿನೀರು ಹಾಕಿದರೆ ಸಾಕು. ಡಬ್ಬಿಯ ಮೇಲೆ ಏನಿದೆ ಅಂತ ದೊಡ್ಡದಾಗಿ ಇಂಗ್ಲಿಷಿನಲ್ಲಿ ಬರೆಯಿರಿ, ಕಸ್ಟಮ್ಸ್‌ನವರು ಕೇಳುತ್ತಾರೆ. ಎರಡು ಡಬ್ಬಿ ಮಾಡಿಸಿ. ಒಂದು ರೂಮ್‌ಮೇಟ್‌ಗೆ ಖಾಲಿಯಾಗುತ್ತದೆ.